ಇನ್ನೇನು ಸಿಕ್ಕೇಬಿಡುತ್ತಿದ್ದರು

ಅಕ್ಟೋಬರ್ 29ಕ್ಕೆ ಅಪ್ಪು ಹೋಗಿ ನಾಲ್ಕು ವರ್ಷವಾಯಿತು. ಅಂದು ಊಟದ ಬಿಡುವಿನಲ್ಲಿ ನಮ್ಮ ಕಾಮರ್ಸ್ ಕ್ಲಾಸಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತವರೆಲ್ಲ ಒಬ್ಬೊಬ್ಬರಾಗಿ ಪುನೀತ್ ರಾಜ್‌ಕುಮಾರ್ ಅವರ ನೆನಪು ತೆಗೆದರು. ತಮಾಷೆ ಏನೆಂದರೆ, ಮಾತಾಡಿದವರಲ್ಲಿ ಒಬ್ಬರೂ ಅವರನ್ನು ನೋಡಿದವರಲ್ಲ. ಎಲ್ಲರದೂ ‘ಇನ್ನೇನು ಸಿಕ್ಕೇಬಿಡುತ್ತಿದ್ದರು’ ಕಥೆಗಳೇ.

ಒಬ್ಬಳ ಮಾಮ ಹೊಸಪೇಟೆಯಲ್ಲಿ ಟೇಲರ್. ಅಪ್ಪು ಬಂದಾರೆ ಅಂತ ಅಂಗಡಿಯ ಶಟರ್ ಎಳೆದು ಓಡಿದರಂತೆ. ಅರ್ಧ ದಾರಿಯಲ್ಲಿ ಕೀಲಿ ಹಾಕಿಲ್ಲ ಅಂತ ನೆನಪಾಗಿ ತಿರುಗಿ ಬಂದರಂತೆ, ಅಷ್ಟರಲ್ಲಿ ಕಾರು ಹೋಗಿತ್ತು. ಇನ್ನೊಬ್ಬನ ಅಣ್ಣ ಹೋಟೆಲಿಗೆ ಹತ್ತು ನಿಮಿಷ ತಡವಾಗಿ ಹೋದ. ಅಪ್ಪು ಕೂತಿದ್ದ ಕುರ್ಚಿ ಇನ್ನೂ ಬೆಚ್ಚಗಿತ್ತು ಅಂತ ಆಣೆ ಮಾಡಿ ಹೇಳುತ್ತಾನಂತೆ. 2021ರ ಮಾರ್ಚ್‌ನಲ್ಲಿ ‘ಯುವರತ್ನ’ ಪ್ರಚಾರಕ್ಕೆ ಅಪ್ಪು ಬಳ್ಳಾರಿಗೆ ಬಂದಾಗ ನಮ್ಮ ಕ್ಲಾಸಿನ ಒಬ್ಬ ತನ್ನ ಕಾಕಾನ ಹೆಗಲ ಮೇಲೆ ಕೂತಿದ್ದ. ಅವನಿಗೆ ಕಂಡದ್ದು ಸಾವಿರಾರು ಮೊಬೈಲುಗಳು ಮಾತ್ರ. ಈ ಹುಡುಗನ ಕಥೆಯನ್ನು ನಾನು ಫಸ್ಟ್ ಪಿಯುಸಿಯಲ್ಲೂ ಕೇಳಿದ್ದೆ. ಆಗ ಅಪ್ಪು ನೂರು ಅಡಿ ದೂರ ಇದ್ದರು. ಈ ವರ್ಷ ಹತ್ತು ಅಡಿಗೆ ಬಂದಿದ್ದಾರೆ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಯುವುದರೊಳಗೆ ಇವನನ್ನು ಅಪ್ಪಿಕೊಂಡಿರುತ್ತಾರೆ. ಅಕೌಂಟೆನ್ಸಿಯಲ್ಲಿ ವರ್ಷವರ್ಷವೂ ಕಡಿಮೆಯಾಗುವುದಕ್ಕೆ ಡಿಪ್ರಿಸಿಯೇಷನ್ ಅನ್ನುತ್ತೇವೆ, ಈ ದೂರಕ್ಕೂ ಅದನ್ನೇ ಹಾಕಬಹುದು.

ಎಲ್ಲರೂ ನಗುತ್ತಿರುವಾಗ ಹಿಂದಿನ ಬೆಂಚಿನಿಂದ ಒಂದು ಮಾತು ಬಂತು. ‘ಭೇಟಿನೇ ಆಗಿಲ್ಲಂದ್ರ ಅದೆಂಥ ನೆನಪು? ಆಗದೇ ಇದ್ದದ್ದನ್ನ ನೆನಪು ಮಾಡ್ಕೊಂಡು ಕುಂತೀರಲ್ಲ.’ ಆಗ ನನಗೆ ಉತ್ತರ ಹೊಳೆಯಲಿಲ್ಲ. ಗಂಟೆ ಬಾರಿಸಿತು, ಸರ್ ಬಂದರು. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಹೊಳೆಯಿತು. ಗಂಗಾವತಿಯಿಂದ ಕನಕಗಿರಿಯವರೆಗೆ ಯೋಚಿಸಲು ಬೇಕಾದಷ್ಟು ಹೊತ್ತು ಇರುತ್ತದೆ. ಆ ಗೆಳೆಯನಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಅಮ್ಮಿಯ ಕಥೆ. ಅಮ್ಮಿ ಓದಿದ್ದು ಉರ್ದು ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಮನೆಯಲ್ಲಿ ನಾವು ಆಡುವುದೂ ಉರ್ದುವೇ, ನಮ್ಮ ಕಡೆಯ ಉರ್ದು. ಅಮ್ಮಿ ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ. ತರಕಾರಿ ಚೌಕಾಸಿ, ಪಕ್ಕದ ಮನೆಯ ಅವ್ವನ ಜೊತೆ ಹರಟೆ, ಎಲ್ಲ ಕನ್ನಡದಲ್ಲೇ. ಆದರೆ ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡ್ ಓದಿ ಹೇಳಲು ನಾನೋ ಭಾಯಿಯೋ ಬೇಕಿತ್ತು.

2019ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಮತ್ತೆ ಬಂತು. ಅದಕ್ಕೂ ಮೊದಲು, 2012ರಲ್ಲಿ ಶುರುವಾದಾಗಲೂ ಅಪ್ಪುವೇ ನಡೆಸಿಕೊಟ್ಟಿದ್ದರು. ಆಗ ನಾನು ಚಿಕ್ಕವಳು, ನೆನಪಿಲ್ಲ. ನಾನಿ ಮಾತ್ರ ಆಗಿನಿಂದಲೂ ಅವರನ್ನು ‘ಮೇರಾ ಬಚ್ಚಾ’ ಅನ್ನುತ್ತಿದ್ದರು. ಬಚ್ಚಾಗೆ ಆಗಲೇ ಮೂವತ್ತೇಳು ವಯಸ್ಸು. 2019ರಲ್ಲಿ ನನಗೆ ಹನ್ನೊಂದು. ರಾತ್ರಿ ರೊಟ್ಟಿ ಮಾಡಿ ಮುಗಿಸಿ ಅಮ್ಮಿ ಟಿವಿ ಮುಂದೆ ಕೂರುತ್ತಿದ್ದರು. ಪರದೆಯ ಮೇಲೆ ಪ್ರಶ್ನೆ ಬರುತ್ತಿತ್ತು, ಅದರ ಕೆಳಗೆ ನಾಲ್ಕು ಉತ್ತರ. ಅಪ್ಪು ಓದುವುದಕ್ಕೆ ಮೊದಲೇ ಓದಬೇಕು ಅನ್ನುವುದು ಅಮ್ಮಿಯ ಹಟ. ಮೊದಮೊದಲು ‘ಎ’ ಮುಗಿಸುವಷ್ಟರಲ್ಲಿ ಅಪ್ಪು ‘ಡಿ’ಗೆ ಬಂದಿರುತ್ತಿದ್ದರು. ಆಮೇಲೆ ಎರಡು ಉತ್ತರ ಓದುವಂತಾಯಿತು. ಕೆಲವು ತಿಂಗಳಲ್ಲಿ ಅಮ್ಮಿ ನಾಲ್ಕನ್ನೂ ಓದಿ, ಅಪ್ಪು ಬಾಯಿ ತೆಗೆಯುವುದರೊಳಗೆ ‘ಬಿ’ ಅಂತ ಕೂಗತೊಡಗಿದರು. ಉತ್ತರ ತಪ್ಪೇ ಆಗಿರುತ್ತಿತ್ತು, ಆದರೆ ಓದಿದ್ದು ಸರಿ ಇರುತ್ತಿತ್ತು.

ಆ ಆಟಕ್ಕೆ ಹೋಗಲು ಮೊಬೈಲಿನಿಂದ ಉತ್ತರ ಕಳಿಸಬೇಕಿತ್ತು. ಅಮ್ಮಿ ಯಾರಿಗೂ ಹೇಳದೆ ಕಳಿಸಿದರು. ಅಬ್ಬಾ ಹಾಕಿಸಿದ ರೀಚಾರ್ಜ್ ಯಾಕೆ ಬೇಗ ಖಾಲಿಯಾಗುತ್ತಿದೆ ಅಂತ ಯಾರಿಗೂ ತಿಳಿಯಲಿಲ್ಲ. ಅಬ್ಬಾ ಅಂಗಡಿಯವನ ಜೊತೆ ಜಗಳವನ್ನೂ ಆಡಿದರು. ಕರೆ ಬರಲಿಲ್ಲ. ಬಂದಿದ್ದರೆ ಅಮ್ಮಿ ಹಾಟ್‌ಸೀಟಿನಲ್ಲಿ ಅಪ್ಪು ಎದುರು ಕೂರುತ್ತಿದ್ದರು. ಯಾವ ಸೀರೆ ಅಂತಲೂ ತೆಗೆದಿಟ್ಟಿದ್ದರು. ಅಪ್ಪು ತೀರಿಕೊಂಡ ಮೇಲೆ ಒಂದು ದಿನ ತಾವೇ ನಮಗೆ ಹೇಳಿ, ಮುಖಕ್ಕೆ ಸೆರಗು ಮುಚ್ಚಿಕೊಂಡು ನಕ್ಕರು. ಈಗ ಬಸ್ಸಿನ ಬೋರ್ಡನ್ನು ಅಮ್ಮಿಯೇ ಓದುತ್ತಾರೆ. ಅವರಿಗೆ ಅಪ್ಪು ಸಿಗಲೇ ಇಲ್ಲ, ನಿಜ. ಹಾಗಂತ ಏನೂ ಆಗಲಿಲ್ಲ ಅನ್ನುವುದು ಹೇಗೆ?

ಹೋದ ವರ್ಷ ಬೇರೊಂದು ಊರಿಗೆ ಭಾಷಣ ಸ್ಪರ್ಧೆಗೆ ಹೋಗಿದ್ದೆ. ಅಲ್ಲಿ ಒಬ್ಬಳು ಹುಡುಗಿ ನನ್ನ ಹೆಸರು ಕೇಳಿ, ‘ನಿಮ್ಮ ಮನ್ಯಾಗ ಕನ್ನಡ ಸಿನಿಮಾ ನೋಡ್ತಾರೇನು?’ ಅಂದಳು. ಚುಚ್ಚಲು ಕೇಳಿದ್ದಲ್ಲ, ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಆದರೂ ಚುಚ್ಚಿತು. ನಾನು ಸಿಟ್ಟಾಗುವ ಬದಲು ಅಮ್ಮಿಯ ಕಥೆ ಹೇಳಿದೆ. ಅವಳು ಬಾಯಿ ಮುಚ್ಚಿಕೊಂಡು ಕೇಳಿ, ‘ಅಯ್ಯ, ನಮ್ಮವ್ವನೂ ಕಳಿಸಿದ್ಲು, ನಮ್ಮಪ್ಪಗ ಇನ್ನೂ ಗೊತ್ತಿಲ್ಲ’ ಅಂದಳು. ಬಹುಮಾನ ಇಬ್ಬರಿಗೂ ಬರಲಿಲ್ಲ. ನಂಬರ್ ಮಾತ್ರ ತಗೊಂಡೆವು.

ಇನ್ನು ಭಾಯಿಯ ಕಥೆ. ಇದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನೂ ಇದೇ ಕಾಲೇಜಿನಲ್ಲಿ ಓದಿದವನು, ಕೆಲವು ಸರ್‌ಗಳಿಗೆ ಅವನ ಪರಿಚಯವಿದೆ.

2020ರಲ್ಲಿ ‘ಜೇಮ್ಸ್’ ಚಿತ್ರೀಕರಣಕ್ಕೆ ಅಪ್ಪು ನಮ್ಮ ಗಂಗಾವತಿ ಕಡೆಗೆ ಬಂದರು. ಕೊರೊನಾ ವರ್ಷ, ಕಾಲೇಜು ಬಂದ್, ಹುಡುಗರಿಗೆ ಬೇರೆ ಕೆಲಸವಿಲ್ಲ. ಆನೆಗೊಂದಿ ರಸ್ತೆಯಲ್ಲಿ ಕಂಡರು, ಸಣಾಪುರದ ಕಡೆ ಹೋದರು ಅಂತ ದಿನಕ್ಕೊಂದು ಸುದ್ದಿ. ಭಾಯಿ ಗೆಳೆಯನ ಬೈಕಿನಲ್ಲಿ ಹೋದ. ನಾನೂ ಬರುತ್ತೇನೆ ಅಂದದ್ದಕ್ಕೆ ಮನೆಯಲ್ಲಿ ಎಲ್ಲರೂ ಒಂದೇ ಸಲ ‘ಬೇಡ’ ಅಂದರು. ಮನೆಯಲ್ಲಿ ಎಲ್ಲರೂ ಒಂದೇ ಮಾತಿಗೆ ಬರುವುದು ಅಪರೂಪ. ಹನ್ನೆರಡು ವರ್ಷದವಳು ನಾನು. ಎರಡು ದಿನ ಸಂಜೆ ಮಾಳಿಗೆ ಹತ್ತಿ ನಿಂತೆ, ಶೂಟಿಂಗ್ ಮುಗಿಸಿ ಕನಕಗಿರಿ ನೋಡಲು ಬಂದರೂ ಬರಬಹುದು ಅಂತ. ‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಅಂತ ಗಾದೆಯೇ ಇದೆಯಲ್ಲ, ಹಂಪಿಯವರೆಗೆ ಬಂದವರು ಇಲ್ಲಿಗೆ ಬರಬಾರದೇನು? ಬರಲಿಲ್ಲ. ಅಷ್ಟೇ ನನ್ನ ಕಥೆ. ನಮ್ಮ ಕ್ಲಾಸಿನ ಹುಡುಗಿಯರನ್ನು ಕೇಳಿ ನೋಡಿ, ಹೆಚ್ಚಿನವರ ಕಥೆ ಮಾಳಿಗೆಯದೋ ಕಿಟಕಿಯದೋ ಆಗಿರುತ್ತದೆ. ಹುಡುಗರು ದೂರವನ್ನು ಅಡಿಯಲ್ಲಿ ಅಳೆಯುತ್ತಾರೆ, ನಾವು ಊರುಗಳಲ್ಲಿ.

ಮೂರನೇ ದಿನ ಭಾಯಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಅಪ್ಪು ಕಾರಿನ ಹಿಂದೆ ಹೋಗುವಾಗ ಬೈಕು ಜಾರಿ ಬಿದ್ದಿದ್ದ. ಬಲಗೈ ಮೊಣಕೈ ಮುರಿದಿತ್ತು. ಅಬ್ಬಾ ಬೈದರು, ಅಮ್ಮಿ ಅತ್ತರು. ನಾನಿ ಮಾತ್ರ ‘ನೋಡಿದೆಯಾ?’ ಅಂತ ಕೇಳಿದರು. ‘ಕಾರು ನಿಧಾನ ಆತು, ಗ್ಲಾಸ್ ಇಳೀತು, ತಿರುಗಿ ನೋಡಿದ್ರು’ ಅಂದ ಭಾಯಿ. ಆ ಒಂದು ಮಾತಿನಿಂದ ಅವನು ನಮ್ಮ ಓಣಿಯಲ್ಲಿ ದೊಡ್ಡ ಮನುಷ್ಯನಾದ. ಒಂದು ವರ್ಷ ನಾವೂ ಬಂದವರಿಗೆಲ್ಲ ಅದನ್ನೇ ಹೇಳಿದೆವು.

2021ರ ಅಕ್ಟೋಬರ್ 29, ಶುಕ್ರವಾರ. ಜುಮಾ ಮುಗಿಸಿ ಬಂದವರು ಇನ್ನೂ ಊಟಕ್ಕೆ ಕೂತಿರಲಿಲ್ಲ, ಟಿವಿಯಲ್ಲಿ ಸುದ್ದಿ ಬಂತು. ನಲವತ್ತಾರು ವಯಸ್ಸು. ಅಂದು ರಾತ್ರಿ ಮಾಳಿಗೆಯಲ್ಲಿ ಭಾಯಿ ನನಗೊಬ್ಬಳಿಗೇ ಹೇಳಿದ. ಆ ಕಾರಿನಲ್ಲಿ ಅಪ್ಪು ಇರಲೇ ಇಲ್ಲ. ಸಿನಿಮಾದವರ ಸಾಮಾನಿನ ಗಾಡಿ ಅದು. ಬಿದ್ದ ಎರಡು ದಿನಕ್ಕೇ ಅವನಿಗೆ ಗೊತ್ತಾಗಿತ್ತು. ಗ್ಲಾಸೂ ಇಳಿದಿರಲಿಲ್ಲ, ಯಾರೂ ತಿರುಗಿ ನೋಡಿರಲಿಲ್ಲ. ‘ಕೈ ಮುರ್ಕೊಂಡೀನಿ, ಅದಕ್ಕೇನಾರ ಇರ್ಬೇಕಲ್ಲ’ ಅಂದ. ಅವನ ಮೊಣಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಭಾರದ ಚೀಲ ಎತ್ತಬೇಕಾದಾಗ ಎಡಗೈ ಹಾಕುತ್ತಾನೆ.

ಭಾಯಿಯ ಸುಳ್ಳಿಗೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನಮ್ಮ ಮೇಲೆ. ‘ಇನ್ನೇನು ಸಿಕ್ಕಿದ್ದರು’ ಅನ್ನುವುದಕ್ಕೆ ನಾವು ಬೆಲೆ ಕೊಡುವುದಿಲ್ಲ. ಸೆಲ್ಫಿ ಇದ್ದವನು ದೊಡ್ಡವನು, ಕೈ ಮುಟ್ಟಿದವನು ಅದಕ್ಕಿಂತ ಕಡಿಮೆ, ದೂರದಿಂದ ನೋಡಿದವನು ಇನ್ನೂ ಕಡಿಮೆ, ನೋಡದವನಿಗೆ ಮಾತೇ ಇಲ್ಲ. ಹೀಗೆ ದರ್ಜೆ ಮಾಡಿಟ್ಟರೆ ಹುಡುಗರು ಇನ್ನೇನು ಮಾಡಿಯಾರು? ಕೊನೆಯ ಹತ್ತು ಅಡಿಗಾಗಿ ಬೈಕು ಓಡಿಸುತ್ತಾರೆ, ಇಲ್ಲವೆ ಭಾಯಿಯ ಹಾಗೆ ಆ ಹತ್ತು ಅಡಿಯನ್ನು ಬಾಯಲ್ಲೇ ದಾಟುತ್ತಾರೆ.

ನಮ್ಮದು ಮೊಣಕೈಯಲ್ಲಿ ಮುಗಿಯಿತು. 2024ರ ಜನವರಿ 8ರಂದು ಯಶ್ ಹುಟ್ಟುಹಬ್ಬ. ಪಕ್ಕದ ಗದಗ ಜಿಲ್ಲೆಯ ಸೂರಣಗಿಯಲ್ಲಿ ರಾತ್ರಿ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗುಲಿ ಮೂವರು ಯುವಕರು ಸತ್ತರು. ಸುದ್ದಿ ತಿಳಿದು ಯಶ್ ಅವರೇ ಆ ಮನೆಗಳಿಗೆ ಬಂದರು, ಅಭಿಮಾನವನ್ನು ಹೀಗೆ ತೋರಿಸಬೇಡಿ ಅಂತ ಹೇಳಿದರು. ಅದೇ ದಿನ ಅವರ ಬೆಂಗಾವಲಿನ ಹಿಂದೆ ಹೋಗುತ್ತಿದ್ದ ಇನ್ನೊಬ್ಬ ಹುಡುಗನ ಸ್ಕೂಟರ್ ಪೊಲೀಸ್ ವಾಹನಕ್ಕೆ ಡಿಕ್ಕಿಯಾಯಿತು, ಅವನೂ ಉಳಿಯಲಿಲ್ಲ. ನಮ್ಮ ಭಾಯಿಯ ಹಾಗೆ ಅವನೂ ಕಾರಿನ ಹಿಂದೆ ಹೋದವನೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಕ್ರಿಕೆಟ್ ಆದರೇನು, ಸಿನಿಮಾ ಆದರೇನು, ಅದೇ ಹತ್ತು ಅಡಿಯ ಆಸೆ. ಆ ಹೊತ್ತಿಗೆ ಎಲ್ಲರೂ ಅವರಿಗೆ ಬುದ್ಧಿ ಹೇಳಿದರು. ‘ಗೇಟಿನವರೆಗೆ ಹೋಗಿದ್ದೆ, ತಿರುಗಿ ಬಂದೆ’ ಅಂದವನ ಬೆನ್ನು ಯಾರಾದರೂ ತಟ್ಟಿದ್ದೀವಾ?

ನಮ್ಮ ಕಾಲೇಜಿನಲ್ಲಿ ಕೆಲವು ಹಿರಿಯರು ಹೇಳುವುದುಂಟು, ಸಿನಿಮಾ ನಟರ ಮೇಲೆ ಇಷ್ಟೊಂದು ಪ್ರೀತಿ ಯಾಕೆ, ಓದಿಗೆ ಹಾಳು, ಅಭಿಮಾನ ಆರಾಧನೆ ಆಗಬಾರದು ಅಂತ. ಆರಾಧನೆ ಬೇಡ ಅನ್ನುವುದನ್ನು ನಾನು ಒಪ್ಪುತ್ತೇನೆ. ಕಟೌಟಿಗೆ ಹಾಲು ಸುರಿಯುವುದು ನನಗೂ ಹಿಡಿಸುವುದಿಲ್ಲ. ಅದರಲ್ಲೂ ಅಪ್ಪು ಇದ್ದದ್ದು ನಂದಿನಿ ಹಾಲಿನ ರಾಯಭಾರಿಯಾಗಿ, ಕುಡಿಯಿರಿ ಅಂತ ಹೇಳಿದವರ ತಲೆ ಮೇಲೇ ಚೆಲ್ಲುವುದು ಯಾವ ಲೆಕ್ಕ? ಆದರೆ ಅಭಿಮಾನಿಗಳನ್ನು ‘ಅಭಿಮಾನಿ ದೇವರುಗಳು’ ಅಂತ ಕರೆದು ಕೈ ಮುಗಿದವರು ಡಾ. ರಾಜ್‌ಕುಮಾರ್. ಆ ಮನೆಯವರು ನಮ್ಮಿಂದ ಆರಾಧನೆ ಕೇಳಲಿಲ್ಲ. ಕೂತು ಒಬ್ಬರಿಗೊಬ್ಬರು ಕಥೆ ಹೇಳಿಕೊಳ್ಳುವುದು ಆರಾಧನೆಯೂ ಅಲ್ಲ. ಅದೇನು ಅಂತ ನನಗೆ ಅರ್ಥವಾದದ್ದು ಅಬ್ಬಾ ಅವರಿಂದ.

ಅಬ್ಬಾ ಲಾರಿ ಡ್ರೈವರ್. ಗಂಗಾವತಿಯ ಮಿಲ್ಲುಗಳಿಂದ ಅಕ್ಕಿ ತುಂಬಿಕೊಂಡು ಬೆಂಗಳೂರಿನ ಯಶವಂತಪುರ ಯಾರ್ಡಿಗೆ ಹೋಗುತ್ತಾರೆ. ಅಪ್ಪು ತೀರಿಕೊಂಡ ಮರುದಿನ, ಅಕ್ಟೋಬರ್ 30ರಂದು, ಲೋಡು ಇಳಿಸಿ ಅಲ್ಲೇ ಇದ್ದರು. ಕ್ಲೀನರ್‌ನನ್ನು ಲಾರಿಯಲ್ಲಿ ಬಿಟ್ಟು ಕಂಠೀರವ ಸ್ಟೇಡಿಯಂ ಕಡೆ ಹೋದರು, ಸ್ವಲ್ಪ ಬಸ್ಸು, ಸ್ವಲ್ಪ ನಡಿಗೆ. ಸಂಜೆ ಕ್ಯೂನಲ್ಲಿ ನಿಂತರು. ರಾತ್ರಿ ಹನ್ನೊಂದಕ್ಕೆ ಮಾಲೀಕರ ಫೋನ್ ಬಂತು, ವಾಪಸ್ ಲೋಡು ಸಿಕ್ಕಿದೆ, ಈಗಲೇ ಹೊರಡಬೇಕು ಅಂತ. ಲಾರಿ ಖಾಲಿ ಬಂದರೆ ಡೀಸೆಲ್ ಲೆಕ್ಕ ಯಾರ ತಲೆಗೆ ಬರುತ್ತದೆ ಅಂತ ಅಬ್ಬಾಗೆ ಗೊತ್ತು. ಕ್ಯೂ ಬಿಟ್ಟು ಬಂದರು. ಮರುದಿನ ಬೆಳಗಿನ ಜಾವ ಅಪ್ಪು ಅವರನ್ನು ಕಂಠೀರವ ಸ್ಟುಡಿಯೋದಲ್ಲಿ ಅಪ್ಪಾಜಿ, ಅಮ್ಮನ ಹತ್ತಿರವೇ ಮಣ್ಣು ಮಾಡಿದಾಗ ಅಬ್ಬಾ ಹೆದ್ದಾರಿಯಲ್ಲಿದ್ದರು.

ಮನೆಗೆ ಬಂದಾಗ ಅಬ್ಬಾ ಬೇಜಾರಾಗಿರುತ್ತಾರೆ ಅಂದುಕೊಂಡಿದ್ದೆವು. ಅವರು ಊಟಕ್ಕೆ ಕೂತು ಕ್ಯೂನ ಸುದ್ದಿ ಹೇಳತೊಡಗಿದರು. ನಮ್ಮ ಅಬ್ಬಾ ಮಾತು ಕಡಿಮೆ, ಅವತ್ತು ನಿಲ್ಲಿಸಲೇ ಇಲ್ಲ. ಮುಂದೆ ನಿಂತಿದ್ದ ಚಾಮರಾಜನಗರದ ಮುದುಕ ಸದಾಶಿವನಗರದ ಮನೆ ಮುಂದೆ ಎರಡು ಸಲ ಕಾದು ಬಸ್ಸಿನ ಹೊತ್ತಾಯಿತು ಅಂತ ವಾಪಸ್ ಹೋಗಿದ್ದರಂತೆ. ಹಿಂದಿನವನು ಬೇಕರಿ ಹುಡುಗ. ಅಪ್ಪು ಕಾರು ದಿನಾ ಅವನ ಅಂಗಡಿ ಮುಂದೆಯೇ ಹೋಗುತ್ತಿತ್ತಂತೆ, ಒಂದು ದಿನ ನಿಲ್ಲಿಸಿ ಬಿಸ್ಕತ್ತು ತಗೊಂಡು ಹೋದರಂತೆ. ಆ ದಿನ ಅವನಿಗೆ ರಜೆ. ಒಬ್ಬ ತಾಯಿ ಮಗನಿಗೆ ಪುನೀತ್ ಅಂತ ಹೆಸರಿಟ್ಟು, ಒಂದು ಸಲ ತೋರಿಸಬೇಕು ಅಂತ ವರ್ಷವರ್ಷವೂ ಮುಂದಕ್ಕೆ ಹಾಕಿಕೊಂಡು ಬಂದವಳು. ‘ಇಡೀ ಕ್ಯೂನಾಗ ನೋಡಿದವ್ರು ಒಬ್ರೂ ಇರ್ಲಿಲ್ಲ’ ಅಂದರು ಅಬ್ಬಾ. ‘ನೀವೇನ್ ಹೇಳಿದ್ರಿ?’ ಅಂತ ಕೇಳಿದೆ. ‘ನಮ್ಮ ಹುಡುಗ ಕೈ ಮುರ್ಕೊಂಡಿದ್ದು ಹೇಳಿದೆ’ ಅಂದರು. ಭಾಯಿ ತಟ್ಟೆ ನೋಡುತ್ತ ಕೂತಿದ್ದ.

ಹಿಂದಿನ ಬೆಂಚಿನ ಗೆಳೆಯನೇ, ಆ ಕ್ಯೂನಲ್ಲಿ ಅಬ್ಬಾ ನಿಂತದ್ದು ಐದಾರು ಗಂಟೆ. ಯಾರೂ ಯಾರ ಊರು, ಜಾತಿ, ಮನೆಮಾತು ಕೇಳಲಿಲ್ಲ. ನಿನ್ನದು ಏನು ತಪ್ಪಿತು ಅಂತ ಮಾತ್ರ ಕೇಳಿದರು. ಭೇಟಿಯಾದವನ ಹತ್ತಿರ ಒಂದು ಫೋಟೋ ಇರುತ್ತದೆ. ಅಬ್ಬಾ ಹತ್ತಿರ ಗುರುತಿಲ್ಲದ ಅಷ್ಟೂ ಜನರ ಕಥೆ ಇದೆ, ನಾಲ್ಕು ವರ್ಷವಾದರೂ ಒಂದೂ ಮರೆತಿಲ್ಲ. ಪಾಲುದಾರಿಕೆ ಲೆಕ್ಕದಲ್ಲಿ ಗುಡ್‌ವಿಲ್ ಅಂತ ಕಲಿಯುತ್ತೇವಲ್ಲ, ಹಣ ಕೊಟ್ಟು ಕೊಂಡದ್ದಾದರೆ ಮಾತ್ರ ಪುಸ್ತಕಕ್ಕೆ ಏರುತ್ತದೆ, ತಾನಾಗಿ ಬೆಳೆದದ್ದನ್ನು ಬರೆಯುವ ಹಾಗಿಲ್ಲ. ಬರೆಯಲಿಲ್ಲ ಅಂದ ಮಾತ್ರಕ್ಕೆ ಅಂಗಡಿಗೆ ಅದು ಇಲ್ಲ ಅಂತ ಯಾವ ಮೇಡಂ ಕಲಿಸಿದ್ದಾರೆ?

ಆದರೆ ಕಥೆ ಹೇಳುವವರೂ ಲೆಕ್ಕ ಸರಿ ಇಡಬೇಕು. ಅಪ್ಪು ಹೋದ ವಾರದಲ್ಲಿ ವಾಟ್ಸಾಪಿನಲ್ಲಿ ಎಷ್ಟೆಲ್ಲ ಸಂಖ್ಯೆ ಬಂದವು! ಇಷ್ಟು ಶಾಲೆ, ಇಷ್ಟು ಆಶ್ರಮ, ಇಷ್ಟು ಮಕ್ಕಳು. ವೋಚರ್ ಇಲ್ಲದ ಸಂಖ್ಯೆಯನ್ನು ನಾನು ಬರೆಯುವುದಿಲ್ಲ. ಅಷ್ಟು ಒಳ್ಳೆಯವರಿಗೆ ನಮ್ಮ ಉಬ್ಬಿಸಿದ ಅಂಕಿ ಬೇಕೂ ಇಲ್ಲ. ಗಟ್ಟಿಯಾಗಿ ಗೊತ್ತಿರುವುದೇ ಸಾಕಷ್ಟಿದೆ. ಅವರ ಎರಡು ಕಣ್ಣುಗಳನ್ನು ಅಂದೇ ದಾನ ಮಾಡಿದರು. ವೈದ್ಯರು ಒಂದೊಂದು ಕಾರ್ನಿಯಾವನ್ನು ಎರಡು ಪದರವಾಗಿ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಅದಕ್ಕೂ ಮೊದಲು ಅವರ ತಂದೆಯವರ ಕಣ್ಣುಗಳೂ ಹೀಗೇ ದಾನವಾಗಿದ್ದವು. ನಾನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಇದನ್ನು ಓದಿ ಹೇಳಿದೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ನಾನಿ ಸ್ವಲ್ಪ ಹೊತ್ತು ಬಿಟ್ಟು, ‘ಆ ನಾಲ್ಕು ಮಂದ್ಯಾಗ ಒಬ್ರು ನಮ್ಮೂರ ಜಾತ್ರಿಗೆ ಬಂದಿದ್ರೆ?’ ಅಂದರು. ಅಂದಿನಿಂದ ಜಾತ್ರೆಯಲ್ಲಿ ಎದುರು ಬಂದವರ ಮುಖವನ್ನು ಸ್ವಲ್ಪ ಹೆಚ್ಚೇ ನೋಡುತ್ತಾರೆ. ನಾವು ಬೇಗ ಬಾ ಅಂತ ಕೈ ಹಿಡಿದು ಎಳೆಯಬೇಕಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಒಂದು ಪುಟವನ್ನು ಇಂಥ ಕಥೆಗಳಿಗೆ ಬಿಡಿ ಅಂತ ಸಂಪಾದಕ ಮೇಡಂ ಅವರನ್ನು ಕೇಳಿದ್ದೇನೆ. ಅಪ್ಪು ಅವರದೇ ಆಗಬೇಕೆಂದಿಲ್ಲ. ಕ್ರಿಕೆಟಿಗರು, ಹಾಡುಗಾರರು, ಯಾರದಾದರೂ ಸರಿ, ಸ್ಟಾಫ್ ರೂಮಿನವರದೂ ಬರಲಿ. ನಮ್ಮ ಸರ್‌ಗಳಲ್ಲಿ ಕೆಲವರು ಅಣ್ಣಾವ್ರನ್ನು ನೋಡಲು ಹೋಗಿ ತಪ್ಪಿಸಿಕೊಂಡವರು ಇದ್ದೇ ಇರುತ್ತಾರೆ. ಕಾಗದದಲ್ಲಿ ಬರೆದು ಲೈಬ್ರರಿ ಮೇಜಿನ ಮೇಲೆ ಕೊಡಿ. ಒಂದೇ ಷರತ್ತು, ದೂರ ಎಷ್ಟಿತ್ತೋ ಅಷ್ಟೇ ಬರೆಯಬೇಕು. ನೂರು ಅಡಿ ಇದ್ದರೆ ನೂರು ಅಡಿ.

ನಮ್ಮ ಮನೆಯದು ಮೊದಲೇ ಕೊಟ್ಟಿದ್ದೇನೆ. ಅಮ್ಮಿ: ಒಂದು ಫೋನ್ ಕರೆ. ನಾನು: ಕನಕಗಿರಿಯಿಂದ ಆನೆಗೊಂದಿ. ಅಬ್ಬಾ: ಕ್ಯೂನ ತುದಿ ಕಾಣುತ್ತಿರಲಿಲ್ಲ. ಭಾಯಿಯ ಸಾಲನ್ನು ಅವನೇ ಬರೆಯುತ್ತೇನೆ ಅಂದ. ಎಡಗೈಯಲ್ಲಿ ಕಾಗದ ಒತ್ತಿ ಹಿಡಿದು ಬರೆದ: ‘ಆ ಕಾರಿನಲ್ಲಿ ಅವರು ಇರಲಿಲ್ಲ.’